ಮಿತಿ ಏರಿಸಿದಷ್ಟೂ ಲ್ಯಾಬ್ ನಿಲ್ಲುವುದೇಕೆ? ಎನ್‌ಎಫ್‌ಎಸ್ ಕರ್ನಲ್‌ನ ಡಿಫಾಲ್ಟ್ ಅಂಕಿಗಳ ಲೆಕ್ಕ

ಪ್ರಶ್ನೆ: ಗೋಣಿಕೊಪ್ಪಲಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. 40 ಕಂಪ್ಯೂಟರ್‌ಗಳಿವೆ, ಎಲ್ಲದರಲ್ಲೂ ಉಬುಂಟು 22.04, ಕರ್ನಲ್ (ಲಿನಕ್ಸ್‌ನ ತಿರುಳು) 5.15. ವಿದ್ಯಾರ್ಥಿಗಳ ಹೋಮ್ ಫೋಲ್ಡರ್‌ಗಳು ಒಂದೇ ಸರ್ವರ್‌ನಿಂದ ಎನ್‌ಎಫ್‌ಎಸ್ (ಜಾಲದಲ್ಲಿ ಕಡತ ಹಂಚಿಕೊಳ್ಳುವ ವ್ಯವಸ್ಥೆ) ಮೂಲಕ ಬರುತ್ತವೆ. ಸರ್ವರ್‌ಗೆ 4 ಕೋರ್, 16 ಜಿಬಿ ರ್‍ಯಾಮ್, ಮಿರರ್ ಮಾಡಿದ ಎರಡು ಹಾರ್ಡ್ ಡಿಸ್ಕ್, ಗಿಗಾಬಿಟ್ ನೆಟ್‌ವರ್ಕ್. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಲಾಗಿನ್ ಆಗುವಾಗ ನಿಧಾನವಾಗುತ್ತಿತ್ತು. ಎಲ್ಲೋ ಓದಿ ಕ್ಲೈಂಟ್‌ಗಳಲ್ಲಿ, ಅಂದರೆ ಲ್ಯಾಬ್‌ನ ಯಂತ್ರಗಳಲ್ಲಿ, ಎನ್‌ಕನೆಕ್ಟ್=8 (ಒಂದು ಯಂತ್ರದಿಂದ ಸರ್ವರ್‌ಗೆ 8 ಕನೆಕ್ಷನ್) ಹಾಕಿದೆ. ಈಗ ಇನ್ನೂ ಹದಗೆಟ್ಟಿದೆ: ಪರದೆ ತಡೆತಡೆದು ನಿಲ್ಲುತ್ತದೆ, ಸರ್ವರ್ ಲಾಗ್‌ನಲ್ಲಿ ‘ಟೂ ಮೆನಿ ಓಪನ್ ಕನೆಕ್ಷನ್ಸ್’ ಎಂದು ಬರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಒಂದೂವರೆ ನಿಮಿಷ ಯಾರೂ ಒಳಗೆ ಹೋಗಲಾಗುವುದಿಲ್ಲ. ಕರ್ನಲ್ ಸೋರ್ಸ್‌ನಲ್ಲೇ ಮಿತಿಗಳನ್ನು ಬದಲಿಸಿ ಕಂಪೈಲ್ ಮಾಡಬೇಕೆ? ಮೂಲೆಯಲ್ಲಿರುವ ಹಳೆಯ 4 ಜಿಬಿ ಯಂತ್ರವನ್ನು ಎರಡನೇ ಸರ್ವರ್ ಮಾಡಿದರೆ ಉಪಯೋಗವಿದೆಯೆ?

ಉತ್ತರ: ಕಂಪೈಲ್ ಬೇಡ. ನಿಮಗೆ ಬೇಕಾದ ಪ್ರತಿಯೊಂದು ಅಂಕಿಯನ್ನೂ ಹೊರಗಿನಿಂದಲೇ ತಿರುಗಿಸಬಹುದು. ಎನ್‌ಕನೆಕ್ಟ್ ತೆಗೆದುಹಾಕಿ, ಸರ್ವರ್‌ನ ಥ್ರೆಡ್‌ಗಳನ್ನು (ಕೋರಿಕೆಗಳಿಗೆ ಉತ್ತರಿಸುವ ಕೆಲಸಗಾರರನ್ನು) 8ರಿಂದ 32ಕ್ಕೆ ಏರಿಸಿ. ಲಾಗ್‌ನ ಆ ಸಾಲು ಅಂದೇ ನಿಲ್ಲುತ್ತದೆ. ಆದರೆ ಬೆಳಗಿನ ನಿಧಾನ ಅಷ್ಟಕ್ಕೇ ಹೋಗುತ್ತದೆ ಎಂದು ಹೇಳಲಾರೆ, ಏಕೆಂದರೆ ಅದರ ಮೂಲ ಬೇರೆಡೆ ಇರುವಂತಿದೆ. ಈ ಮಿತಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಒಂದನ್ನು ಎಳೆದರೆ ಸರದಿಯ ಸಾಲು ಕರಗುವುದಿಲ್ಲ, ಮುಂದಿನ ಕೊಂಡಿಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಮೊದಲೇ ಒಂದು ಮಾತು: ಕಮಾಂಡು, ಕಡತ, ಆಯ್ಕೆಗಳ ಹೆಸರನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹಾಕಿ. ಅಡಿಗೆರೆ, ಹೈಫನ್, ಓರೆಗೆರೆಗಳು ಇಲ್ಲಿರುವಂತೆಯೇ ಇರಲಿ.

ನಿಮ್ಮ ಲಾಗ್‌ನ ಸಾಲಿನಿಂದಲೇ ಶುರುಮಾಡೋಣ. ಕೋರಿಕೆಗಳನ್ನು ಸಾಗಿಸುವ, ಕರ್ನಲ್‌ನ ಸನ್‌ಆರ್‌ಪಿಸಿ ಭಾಗದಲ್ಲಿ, ಹೊಸ ಟಿಸಿಪಿ ಕನೆಕ್ಷನ್ ಬಂದಾಗಲೆಲ್ಲ ಒಂದು ಸಣ್ಣ ಲೆಕ್ಕ ನಡೆಯುತ್ತದೆ. ನೀವಾಗಿ ಮಿತಿ ಕೊಟ್ಟಿರದಿದ್ದರೆ, ಥ್ರೆಡ್‌ಗಳ ಸಂಖ್ಯೆಗೆ 3 ಕೂಡಿಸಿ 20ರಿಂದ ಗುಣಿಸಿದಷ್ಟು ಕನೆಕ್ಷನ್‌ಗಳಿಗೆ ಮಾತ್ರ ಜಾಗ. ಡಿಫಾಲ್ಟ್ 8 ಥ್ರೆಡ್‌ಗೆ 11 ಗುಣಿಸು 20, ಅಂದರೆ 220. ನಿಮ್ಮಲ್ಲಿ 40 ಕ್ಲೈಂಟ್, ಒಂದೊಂದಕ್ಕೆ 8 ಕನೆಕ್ಷನ್, ಒಟ್ಟು 320. ನೂರು ಕನೆಕ್ಷನ್ ಹೆಚ್ಚು.

ಮಿತಿ ಮೀರಿದಾಗ ಕರ್ನಲ್ ಹೊಸಬರನ್ನು ಬಾಗಿಲಲ್ಲಿ ತಡೆಯುತ್ತದೆ ಎಂದುಕೊಂಡರೆ ತಪ್ಪು. ಇರುವವುಗಳಲ್ಲಿ ಎಲ್ಲಕ್ಕಿಂತ ಹಳೆಯ ಕನೆಕ್ಷನ್ನನ್ನು ಮುಚ್ಚಿ ಹೊಸದಕ್ಕೆ ಜಾಗ ಮಾಡುತ್ತದೆ. ಇದು ನ್ಯಾಯವಲ್ಲ, ಬದುಕೂ ಅಷ್ಟೇ ಎಂಬರ್ಥದ ಟಿಪ್ಪಣಿಯನ್ನು ಕೋಡ್ ಬರೆದವರೇ ಆ ಜಾಗದಲ್ಲಿ ಇಟ್ಟಿದ್ದಾರೆ. ಮುಚ್ಚಿಸಿಕೊಂಡ ಕ್ಲೈಂಟ್ ಸುಮ್ಮನಿರುತ್ತದೆಯೆ? ತಕ್ಷಣ ಮತ್ತೆ ಕನೆಕ್ಟ್ ಆಗುತ್ತದೆ, ಉತ್ತರ ಬಾರದ ಕೋರಿಕೆಗಳನ್ನು ಮತ್ತೆ ಕಳಿಸುತ್ತದೆ. ಅದಕ್ಕೆ ಜಾಗ ಮಾಡಲು ಇನ್ನೊಂದು ಹಳೆಯದು ಮುಚ್ಚುತ್ತದೆ, ಅದೂ ಮರಳಿ ಬರುತ್ತದೆ. ಕುರ್ಚಿ ಆಟದಂತೆ ಇದು ದಿನವಿಡೀ ಸುತ್ತುತ್ತದೆ. ಪರದೆ ತಡೆತಡೆದು ನಿಲ್ಲುವುದು ಇದರಿಂದಲೇ. ಲಾಗ್‌ನಲ್ಲಿ ಆ ಸಾಲು ಆಗೊಮ್ಮೆ ಈಗೊಮ್ಮೆ ಮಾತ್ರ ಕಂಡರೂ ನಂಬಬೇಡಿ. ಲಾಗ್ ತುಂಬಿಹೋಗದಿರಲೆಂದು ಕರ್ನಲ್ ಆ ಸಂದೇಶಕ್ಕೆ ಕಡಿವಾಣ ಹಾಕಿದೆ, ನಿಜವಾಗಿ ಮುಚ್ಚುವ ಕನೆಕ್ಷನ್‌ಗಳು ಅದಕ್ಕಿಂತ ಬಹಳ.

ಆ ಸಂದೇಶದ ಬಾಲದಲ್ಲಿ ಥ್ರೆಡ್‌ಗಳನ್ನು ಹೆಚ್ಚಿಸಲು ಯೋಚಿಸಿ ಎಂಬ ಸಲಹೆಯೂ ಇರುತ್ತದೆ. ಥ್ರೆಡ್‌ಗೂ ಕನೆಕ್ಷನ್‌ಗೂ ಏನು ಸಂಬಂಧ ಎಂದು ಓದಿದವರು ಕಕ್ಕಾಬಿಕ್ಕಿಯಾಗುತ್ತಾರೆ. ಸಂಬಂಧ ಮೇಲಿನ ಗುಣಾಕಾರದಲ್ಲಿದೆ. 32 ಥ್ರೆಡ್ ಇದ್ದರೆ ಮಿತಿ 35 ಗುಣಿಸು 20, ಅಂದರೆ 700. ಥ್ರೆಡ್ ಮುಟ್ಟದೆ ಇದೊಂದನ್ನೇ ಏರಿಸಬೇಕೆಂದರೆ /ಪ್ರಾಕ್/ಎಫ್‌ಎಸ್/ಎನ್‌ಎಫ್‌ಎಸ್‌ಡಿ/ ಒಳಗೆ ಮ್ಯಾಕ್ಸ್_ಕನೆಕ್ಷನ್ಸ್ ಎಂಬ ಕಡತವಿದೆ. ಅದರಲ್ಲಿ 0 ಇದ್ದರೆ ಮೇಲಿನ ಸೂತ್ರ ನಡೆಯುತ್ತದೆ, ಬೇರೆ ಅಂಕಿ ಬರೆದರೆ ಅದೇ ಮಿತಿ. ನಿಮಗೆ ಇದರ ಅಗತ್ಯವಿಲ್ಲ. ತೀರಾ ಇತ್ತೀಚಿನ ಕರ್ನಲ್‌ಗಳಲ್ಲಿ ಈ ಲೆಕ್ಕವನ್ನೇ ಬದಲಾಯಿಸಿದ್ದಾರೆ, ಆದರೆ ನಿಮ್ಮ 5.15ರಲ್ಲಿ ಹಳೆಯ ಸೂತ್ರವೇ ಇದೆ.

ಎನ್‌ಕನೆಕ್ಟ್ ಕೆಟ್ಟ ಸೌಲಭ್ಯವಲ್ಲ. ಕರ್ನಲ್ 5.3ರಲ್ಲಿ ಬಂತು, 16ರವರೆಗೆ ಕೊಡಬಹುದು. 10 ಗಿಗಾಬಿಟ್‌ಗೂ ಮೇಲಿನ ಜಾಲದಲ್ಲಿ, ಒಂದೇ ಕನೆಕ್ಷನ್‌ಗೆ ಕೊಳವೆ ತುಂಬಿಸಲಾಗದಿರುವಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ನಿಮ್ಮ 1 ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 110–118 ಎಂಬಿ ಹೋಗುತ್ತದೆ, ಅಷ್ಟನ್ನು ಒಂದೇ ಟಿಸಿಪಿ ಕನೆಕ್ಷನ್ ಆರಾಮವಾಗಿ ಎಳೆಯುತ್ತದೆ. ಅದಲ್ಲದೆ ನಿಮ್ಮದು ಎನ್‌ಎಫ್‌ಎಸ್ 4.2 ಮೌಂಟ್ (ಸರ್ವರ್‌ನ ಫೋಲ್ಡರ್‌ನ ಜೋಡಣೆ) ಆಗಿರಬೇಕು. ‘ಎನ್‌ಎಫ್‌ಎಸ್‌ಸ್ಟ್ಯಾಟ್ -ಎಂ’ ಕೊಟ್ಟರೆ ಕಾಣುತ್ತದೆ. 4.1ರಿಂದ ಮೇಲಿನ ಆವೃತ್ತಿಗಳಲ್ಲಿ ಏಕಕಾಲಕ್ಕೆ ಎಷ್ಟು ಕೋರಿಕೆ ಹಾರಾಡಬಹುದು ಎಂಬುದನ್ನು ಸೆಷನ್‌ನ ಸ್ಲಾಟ್‌ಗಳು ನಿರ್ಧರಿಸುತ್ತವೆ. ಕ್ಲೈಂಟ್ ಕೇಳುವುದು ಡಿಫಾಲ್ಟ್ ಆಗಿ 64. ಕನೆಕ್ಷನ್ 8 ಇದ್ದರೂ ಸೆಷನ್ ಒಂದೇ, ಸ್ಲಾಟ್ ಅದೇ 64. ಅಂದರೆ ನಿಮಗೆ ಏನೂ ಹೆಚ್ಚು ದೊರೆಯಲಿಲ್ಲ, ಸರ್ವರ್‌ನ ಬಾಗಿಲಲ್ಲಿ ನೂಕುನುಗ್ಗಲು ಮಾತ್ರ ಹೆಚ್ಚಾಯಿತು.

ತೆಗೆಯುವಾಗ ಒಂದು ಎಡವಟ್ಟಿದೆ. ‘ರೀಮೌಂಟ್’ ಮಾಡಿದರೆ ಎನ್‌ಕನೆಕ್ಟ್ ಬದಲಾಗುವುದಿಲ್ಲ. ಒಂದೇ ಸರ್ವರ್‌ನ ಎಲ್ಲ ಮೌಂಟ್‌ಗಳೂ ಒಂದೇ ಕನೆಕ್ಷನ್ ಗುಂಪನ್ನು ಹಂಚಿಕೊಳ್ಳುತ್ತವೆ, ಮೊದಲು ಮೌಂಟ್ ಆದದ್ದು ಹೇಳಿದ ಸಂಖ್ಯೆಯೇ ಉಳಿದವಕ್ಕೂ. ಎಲ್ಲವನ್ನೂ ಕಳಚಿ ಮತ್ತೆ ಹಾಕಬೇಕು. ಲ್ಯಾಬ್‌ನಲ್ಲಿ ಅದಕ್ಕಿಂತ ಸುಲಭ, ಎಫ್‌ಎಸ್‌ಟ್ಯಾಬ್ (ಮೌಂಟ್‌ಗಳ ಪಟ್ಟಿಯಿರುವ ಕಡತ) ತಿದ್ದಿ ಸಂಜೆ ಎಲ್ಲ ಯಂತ್ರಗಳನ್ನೂ ರೀಬೂಟ್ ಮಾಡುವುದು. ಮರುದಿನ ತರಗತಿ ನಡೆಯುತ್ತಿರುವಾಗ ಸರ್ವರ್‌ನಲ್ಲಿ ‘ಎಸ್‌ಎಸ್ -ಟಿಎನ್’ ಕೊಟ್ಟು 2049 ಪೋರ್ಟ್‌ಗೆ ಬಂದ ಕನೆಕ್ಷನ್‌ಗಳನ್ನು ಎಣಿಸಿ. 40ರ ಆಸುಪಾಸು ಇರಬೇಕು. 320 ಕಂಡರೆ ಎಫ್‌ಎಸ್‌ಟ್ಯಾಬ್ ಬಿಟ್ಟು ಬೇರೆಲ್ಲೋ, ಬಹುಶಃ ಬೇಕಾದಾಗ ತಾನಾಗಿ ಮೌಂಟ್ ಮಾಡುವ ಆಟೋಎಫ್‌ಎಸ್ ನಕ್ಷೆಯಲ್ಲಿ, ಆ ಪದ ಉಳಿದಿದೆ.

ಈಗ ಥ್ರೆಡ್. ಎನ್‌ಎಫ್‌ಎಸ್‌ಡಿಯ, ಅಂದರೆ ಸರ್ವರ್‌ನ ಎನ್‌ಎಫ್‌ಎಸ್ ಸೇವೆಯ, ಒಂದು ಥ್ರೆಡ್ ಒಂದು ಸಮಯಕ್ಕೆ ಒಂದೇ ಕೋರಿಕೆ ಹಿಡಿಯುತ್ತದೆ, ಡಿಸ್ಕ್‌ನಿಂದ ಉತ್ತರ ಬರುವವರೆಗೆ ಅದನ್ನು ಹಿಡಿದೇ ಕಾಯುತ್ತದೆ. ಆದ್ದರಿಂದ ಸಂಖ್ಯೆಯನ್ನು ಕೋರ್‌ಗಳಿಗೆ ಕಟ್ಟಿಹಾಕುವುದು ಸರಿಯಲ್ಲ. ಸೆಕೆಂಡಿಗೆ ಬರುವ ಕೋರಿಕೆಗಳನ್ನು ಒಂದಕ್ಕೆ ತಗಲುವ ಸರಾಸರಿ ಸಮಯದಿಂದ ಗುಣಿಸಿ. ಸೆಕೆಂಡಿಗೆ 2,000 ಕೋರಿಕೆ, ಒಂದಕ್ಕೆ 4 ಮಿಲಿಸೆಕೆಂಡ್ ಆದರೆ 8 ಥ್ರೆಡ್ ಪೂರ್ತಿ ಕೆಲಸದಲ್ಲಿರುತ್ತವೆ, ಒಂಬತ್ತನೆಯ ಕೋರಿಕೆ ಹೊರಗೆ ಕಾಯುತ್ತದೆ. ಲಾಗಿನ್ ಹೊತ್ತಿನಲ್ಲಿ ಡಿಸ್ಕ್ ಏದುಸಿರು ಬಿಟ್ಟು ಅದೇ ಸಮಯ 15 ಮಿಲಿಸೆಕೆಂಡ್ ಆದರೆ 30 ಬೇಕು. 32 ಎಂದದ್ದು ಈ ಅಂದಾಜಿನ ಮೇಲೆ.

ಹಾಗಾದರೆ 256 ಯಾಕಲ್ಲ? ಮೆಮೊರಿ ದೊಡ್ಡ ಅಡ್ಡಿಯಲ್ಲ. ಪ್ರತಿ ಥ್ರೆಡ್ ತಾನು ಹಿಡಿಯಬಹುದಾದ ಅತಿ ದೊಡ್ಡ ಕೋರಿಕೆಗೆ ಸಾಕಾಗುವಷ್ಟು ಪುಟಗಳನ್ನು ಮೊದಲೇ ಕಾದಿರಿಸುತ್ತದೆ, ನಿಮ್ಮ ಸರ್ವರ್‌ನಲ್ಲಿ ಅದು ಸುಮಾರು 1 ಎಂಬಿ. 32 ಥ್ರೆಡ್‌ಗೆ 32 ಎಂಬಿ ಚಿಲ್ಲರೆ, 256ಕ್ಕೆ ಕಾಲು ಜಿಬಿ. ತೊಂದರೆ ಇರುವುದು ಡಿಸ್ಕ್‌ನಲ್ಲಿ. ತೋಟದಲ್ಲಿ ಕುಯ್ಯುವವರನ್ನು ಇಮ್ಮಡಿ ಮಾಡಿದ ಮಾತ್ರಕ್ಕೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಬೇಗ ತಿರುಗುತ್ತದೆಯೆ? ಚೀಲಗಳು ಅದರ ಮುಂದೆ ರಾಶಿ ಬೀಳುತ್ತವೆ, ರಾತ್ರಿಯಾದರೆ ಹಣ್ಣು ಹುಳಿಯುತ್ತದೆ. 7,200 ಸುತ್ತಿನ ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. 256 ಥ್ರೆಡ್‌ಗಳು 256 ಕಡೆಯಿಂದ ಕೇಳಿದರೆ ಅದರ ತಲೆ ಅತ್ತಿತ್ತ ಓಡುವುದರಲ್ಲೇ ಹೊತ್ತು ಕಳೆಯುತ್ತದೆ. ಆಗ ಲೋಡ್ ಆವರೇಜ್ 200 ಎಂದು ಕಾಣಿಸುತ್ತದೆ, ಸಿಪಿಯು ಮಾತ್ರ ಖಾಲಿ ಕೂತಿರುತ್ತದೆ. ಡಿಸ್ಕ್‌ಗಾಗಿ ನಿದ್ರಿಸುವ ಥ್ರೆಡ್‌ಗಳೂ ಆ ಲೆಕ್ಕಕ್ಕೆ ಸೇರುವುದರಿಂದ ಹೀಗೆ. ಅದನ್ನು ನೋಡಿ ಹೊಸ ಪ್ರೊಸೆಸರ್‌ಗೆ ಹಣ ಕೇಳಬೇಡಿ.

ಬದಲಿಸುವುದು ಹೀಗೆ. ಸದ್ಯಕ್ಕೆ ಪರೀಕ್ಷಿಸಲು ‘ಆರ್‌ಪಿಸಿ.ಎನ್‌ಎಫ್‌ಎಸ್‌ಡಿ 32’ ಎಂದು ಸೂಡೊ ಜೊತೆ ಕೊಟ್ಟರೆ ಸಾಕು, ಸೇವೆ ನಿಲ್ಲುವುದಿಲ್ಲ, ಮೌಂಟ್‌ಗಳಿಗೆ ಗೊತ್ತಾಗುವುದೂ ಇಲ್ಲ. ಶಾಶ್ವತವಾಗಿ ಬೇಕಾದರೆ /ಇಟಿಸಿ/ಎನ್‌ಎಫ್‌ಎಸ್.ಕಾನ್ಫ್.ಡಿ/ ಒಳಗೆ ಲ್ಯಾಬ್.ಕಾನ್ಫ್ ಎಂಬ ಕಡತ ಮಾಡಿ, ಚೌಕ ಆವರಣದಲ್ಲಿ ಎನ್‌ಎಫ್‌ಎಸ್‌ಡಿ ಎಂಬ ತಲೆಬರಹ, ಅದರ ಕೆಳಗೆ ಥ್ರೆಡ್ಸ್=32. ಹಳೆಯ ಮಾರ್ಗದರ್ಶಿಗಳು /ಇಟಿಸಿ/ಡಿಫಾಲ್ಟ್/ಎನ್‌ಎಫ್‌ಎಸ್-ಕರ್ನಲ್-ಸರ್ವರ್ ಕಡತದಲ್ಲಿ ಆರ್‌ಪಿಸಿಎನ್‌ಎಫ್‌ಎಸ್‌ಡಿಕೌಂಟ್ ಬದಲಿಸಲು ಹೇಳುತ್ತವೆ. ಉಬುಂಟು 22.04ರಲ್ಲಿ ಅದನ್ನು ಯಾರೂ ಓದುವುದಿಲ್ಲ. ನೀವು ಅಲ್ಲಿ 64 ಬರೆದು ನಿಶ್ಚಿಂತೆಯಿಂದಿರುತ್ತೀರಿ, ಸರ್ವರ್ 8ರಲ್ಲೇ ಓಡುತ್ತಿರುತ್ತದೆ. /ಪ್ರಾಕ್/ಎಫ್‌ಎಸ್/ಎನ್‌ಎಫ್‌ಎಸ್‌ಡಿ/ಥ್ರೆಡ್ಸ್ ಓದಿದಾಗ ಬರುವ ಅಂಕಿಯೊಂದೇ ಸತ್ಯ.

ಥ್ರೆಡ್ ಸಾಲದು ಎಂದು ತಿಳಿಯುವ ಬಗೆಯಲ್ಲೂ ಹಳೆಯ ಪಾಠ ದಾರಿ ತಪ್ಪಿಸುತ್ತದೆ. /ಪ್ರಾಕ್/ನೆಟ್/ಆರ್‌ಪಿಸಿ/ಎನ್‌ಎಫ್‌ಎಸ್‌ಡಿ ಕಡತದಲ್ಲಿ ‘ಟಿಎಚ್’ ಎಂದು ಶುರುವಾಗುವ ಸಾಲಿನ ಹತ್ತು ಅಂಕಿಗಳನ್ನು ನೋಡಿ ಎನ್ನುತ್ತಾರೆ. ಆ ಎಣಿಕೆಯನ್ನು ಕರ್ನಲ್ ಎಷ್ಟೋ ವರ್ಷಗಳ ಹಿಂದೆಯೇ ಕೈಬಿಟ್ಟಿದೆ. ಸಾಲು ಉಳಿದಿದೆ, ಅಂಕಿಗಳೆಲ್ಲ ಸೊನ್ನೆ. ಸೊನ್ನೆ ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುವವರು ಇಂದಿಗೂ ಇದ್ದಾರೆ. ಅದರ ಬದಲು /ಪ್ರಾಕ್/ಎಫ್‌ಎಸ್/ಎನ್‌ಎಫ್‌ಎಸ್‌ಡಿ/ಪೂಲ್_ಸ್ಟ್ಯಾಟ್ಸ್ ಓದಿ. ಅದರಲ್ಲಿ ಬಂದ ಪ್ಯಾಕೆಟ್‌ಗಳು, ಸರದಿಗೆ ಸೇರಿದ ಸಾಕೆಟ್‌ಗಳು, ಎಬ್ಬಿಸಿದ ಥ್ರೆಡ್‌ಗಳು ಎಂಬ ಅಂಕಣಗಳಿವೆ. ಲಾಗಿನ್ ಹೊತ್ತಿನಲ್ಲಿ ಹತ್ತು ಸೆಕೆಂಡ್ ಅಂತರದಲ್ಲಿ ಎರಡು ಸಲ ಓದಿ ಕಳೆಯಿರಿ. ಸರದಿಗೆ ಸೇರಿದವು ಎಬ್ಬಿಸಿದವುಗಳಿಗಿಂತ ಬಹಳ ವೇಗವಾಗಿ ಏರಿದ್ದರೆ, ಎಬ್ಬಿಸಲು ಬಿಡುವಾದ ಥ್ರೆಡ್ಡೇ ಇರಲಿಲ್ಲ ಎಂದರ್ಥ. ಎರಡೂ ಜೊತೆಜೊತೆಯಾಗಿ ಏರುತ್ತಿದ್ದರೆ ಥ್ರೆಡ್ ಹೆಚ್ಚಿಸುವುದು ವ್ಯರ್ಥ.

ಅದಕ್ಕೂ ಮೊದಲು ಕ್ಲೈಂಟ್ ಕಡೆ ಒಂದು ಅಳತೆ ಮಾಡಿ. ಇಡೀ ಉತ್ತರದಲ್ಲಿ ಒಂದೇ ಒಂದನ್ನು ಮಾಡುವುದಿದ್ದರೆ ಇದನ್ನು ಮಾಡಿ. ‘ಎನ್‌ಎಫ್‌ಎಸ್‌ಐಒಸ್ಟ್ಯಾಟ್ 5’ ಓಡಿಸಿ, ‘ಆರ್‌ಟಿಟಿ’ ಮತ್ತು ‘ಎಕ್ಸ್’ (ಅಕ್ಷರಗಳು ಇ-ಎಕ್ಸ್-ಇ) ಅಂಕಣಗಳನ್ನು ಅಕ್ಕಪಕ್ಕ ನೋಡಿ. ಆರ್‌ಟಿಟಿ ಎಂದರೆ ಕೋರಿಕೆ ಕ್ಲೈಂಟ್ ಬಿಟ್ಟು ಹೋಗಿ ಉತ್ತರ ಬರುವವರೆಗಿನ ಸಮಯ. ಎಕ್ಸ್ ಎಂದರೆ ಅದಕ್ಕೆ ಕ್ಲೈಂಟ್ ಒಳಗೇ ಸರದಿಯಲ್ಲಿ ಕಾದದ್ದೂ ಸೇರಿದ ಒಟ್ಟು. ಎಕ್ಸ್ 60, ಆರ್‌ಟಿಟಿ 3 ಎಂದಿದ್ದರೆ ಸಾಲು ಕ್ಲೈಂಟ್‌ನಲ್ಲಿದೆ, ಸ್ಲಾಟ್ ಸಾಲುತ್ತಿಲ್ಲ. ಎಕ್ಸ್ 60, ಆರ್‌ಟಿಟಿ 57 ಎಂದಿದ್ದರೆ ಸ್ಲಾಟ್ ಏರಿಸಿ ಪ್ರಯೋಜನವಿಲ್ಲ, ತಡವಾಗುತ್ತಿರುವುದು ಸರ್ವರ್‌ನಲ್ಲೋ ತಂತಿಯಲ್ಲೋ. ಆಗ ಸರ್ವರ್‌ಗೆ ಹೋಗಿ ‘ಐಒಸ್ಟ್ಯಾಟ್ -ಎಕ್ಸ್ 5’ ಕೊಡಿ. ಡಿಸ್ಕ್ ಬಳಕೆ 100ಕ್ಕೆ ಅಂಟಿಕೊಂಡಿದ್ದು, ‘ಪಿಎಸ್’ ತೋರಿಸುವ ಎನ್‌ಎಫ್‌ಎಸ್‌ಡಿಗಳೆಲ್ಲ ‘ಡಿ’ (ಡಿಸ್ಕ್‌ಗಾಗಿ ಕಾಯುವ) ಸ್ಥಿತಿಯಲ್ಲಿದ್ದರೆ ತಡ ಡಿಸ್ಕ್‌ನಲ್ಲಿದೆ. ಡಿಸ್ಕ್ ಬಿಡುವಾಗಿದ್ದು ಥ್ರೆಡ್‌ಗಳೂ ಬಿಡುವಾಗಿದ್ದು ಆರ್‌ಟಿಟಿ ಮಾತ್ರ ಹೆಚ್ಚಿದ್ದರೆ ತಂತಿಯಲ್ಲಿ.

ತಂತಿಯ ವಿಷಯ ನಮ್ಮ ಕಡೆ ಉಪೇಕ್ಷಿಸುವಂಥದ್ದಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತಕ್ಕೆ ಸ್ವಿಚ್‌ನ ಪೋರ್ಟ್ ಪೂರ್ತಿ ಸಾಯದೆ ಅರೆಜೀವವಾಗಿ ಉಳಿಯುವುದುಂಟು. ಆಟಿ ತಿಂಗಳ ತೇವಕ್ಕೆ ಕೇಬಲ್ ತುದಿಯ ಪಿನ್ನುಗಳು ಹಸಿರುಗಟ್ಟುತ್ತವೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಒಂದು ಜೋಡಿ ಕೈಕೊಟ್ಟರೆ ಕನೆಕ್ಷನ್ ತಪ್ಪುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುವುದೇ ಹೆಚ್ಚು. ಸರ್ವರ್‌ನ ಪೋರ್ಟ್‌ಗೇ ಹೀಗಾದರೆ 40 ಜನ ಸೆಕೆಂಡಿಗೆ 12 ಎಂಬಿಯೊಳಗೆ ಹಂಚಿಕೊಳ್ಳಬೇಕು, ಆಮೇಲೆ ನೀವು ಯಾವ ಮಿತಿ ಏರಿಸಿದರೂ ಅಷ್ಟೇ. ‘ಇಥ್‌ಟೂಲ್’ ಕೊಟ್ಟು ಸ್ಪೀಡ್ 1000 ಇದೆಯೇ ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಅದನ್ನು ನೋಡದೆ ಯಾವುದನ್ನೂ ಮುಟ್ಟಬೇಡಿ.

ಸ್ಲಾಟ್‌ಗಳ ಬಗ್ಗೆ ಇನ್ನಷ್ಟು, ಏಕೆಂದರೆ ಸೋರ್ಸ್ ತಿದ್ದುವ ಯೋಚನೆ ನಿಮಗೆ ಬಂದದ್ದು ಬಹುಶಃ 65536 ಎಂಬ ಸಂಖ್ಯೆಯಿಂದ. ಹಿಂದೆ ಒಂದು ಟಿಸಿಪಿ ಕನೆಕ್ಷನ್‌ಗೆ 16 ಆರ್‌ಪಿಸಿ ಸ್ಲಾಟ್ ಎಂದು ಡಿಫಾಲ್ಟ್ ಇತ್ತು, ಅದನ್ನು 128ರವರೆಗೆ ಏರಿಸಬಹುದಿತ್ತು. 16 ಕಡಿಮೆ ಎಂದು ದೂರುವವರು ಬಹಳ. ಆಮೇಲೆ ಸ್ಲಾಟ್‌ಗಳನ್ನು ಬೇಕಾದಂತೆ ಹುಟ್ಟಿಸುವ ವ್ಯವಸ್ಥೆ ಬಂತು. ಈಗ 2ರಿಂದ ಶುರುವಾಗಿ, ಬೇಡಿಕೆ ಬಂದಂತೆ 65,536ರವರೆಗೆ ಬೆಳೆಯುತ್ತದೆ. ಟಿಸಿಪಿ_ಮ್ಯಾಕ್ಸ್_ಸ್ಲಾಟ್_ಟೇಬಲ್_ಎಂಟ್ರೀಸ್ ಎಂಬುದೇ ಆ ಮೇಲ್ಮಿತಿ. ಅಂದರೆ ಇದು ಮಿತಿ ಇಲ್ಲ ಎಂಬುದರ ಇನ್ನೊಂದು ಹೆಸರು, ಏರಿಸಲು ಏನೂ ಉಳಿದಿಲ್ಲ. ಬದಲಿಗೆ, ಎನ್‌ಎಫ್‌ಎಸ್ 3 ಬಳಸುವ ಕಡೆ ಇದನ್ನು 128ಕ್ಕೆ ಇಳಿಸುವುದೇ ಒಳಿತು: ಒಂದು ಕ್ಲೈಂಟ್ ಸಾವಿರಾರು ಬರೆವ ಕೋರಿಕೆಗಳನ್ನು ಒಮ್ಮೆಗೇ ಸುರಿದರೆ, ಅದೇ ಯಂತ್ರದಲ್ಲಿ ಕೊಟ್ಟ ಒಂದು ‘ಎಲ್‌ಎಸ್’ ಅವುಗಳ ಹಿಂದೆ ನಿಂತು ಒದ್ದಾಡುತ್ತದೆ. ಇಳಿಸುವಾಗ ಕರ್ನಲ್‌ನ ಅಂಕಿಗಳನ್ನು ಹೊಂದಿಸುವ ಸಿಸ್‌ಸಿಟಿಎಲ್ ಕಡತದಲ್ಲಿ ಬರೆಯಬೇಡಿ. ಬೂಟ್ ವೇಳೆ ಆ ಕಡತ ಓದುವಾಗ ಸನ್‌ಆರ್‌ಪಿಸಿ ಮಾಡ್ಯೂಲ್ (ಕರ್ನಲ್‌ಗೆ ಬೇಕಾದಾಗ ಸೇರುವ ತುಣುಕು) ಇನ್ನೂ ಬಂದಿರದಿದ್ದರೆ, ಆ ಹೆಸರಿನ ಗುಬುಟೇ (ಅಂಕಿ ತಿರುಗಿಸುವ ಹಿಡಿ) ಅಲ್ಲಿರುವುದಿಲ್ಲ, ನಿಮ್ಮ ಸಾಲು ಗಾಳಿಗೆ ಹೋಗುತ್ತದೆ. /ಇಟಿಸಿ/ಮಾಡ್‌ಪ್ರೋಬ್.ಡಿ/ ಒಳಗೆ ‘ಆಪ್ಷನ್ಸ್ ಸನ್‌ಆರ್‌ಪಿಸಿ’ ಎಂದು ಶುರುಮಾಡಿ ಬರೆದರೆ ಮಾಡ್ಯೂಲ್ ಏಳುವಾಗಲೇ ಅಂಕಿ ಕೂರುತ್ತದೆ.

ನಿಮ್ಮದು 4.2 ಆದ್ದರಿಂದ ಈ ಗುಬುಟು ನಿಮಗೆ ಮುಖ್ಯವಲ್ಲ. ಸೆಷನ್‌ನ 64 ಮುಖ್ಯ. ಅದನ್ನು ನಿಯಂತ್ರಿಸುವುದು ಕ್ಲೈಂಟ್‌ನ ಎನ್‌ಎಫ್‌ಎಸ್ ಮಾಡ್ಯೂಲ್‌ನ ಮ್ಯಾಕ್ಸ್_ಸೆಷನ್_ಸ್ಲಾಟ್ಸ್. ಕ್ಲೈಂಟ್ ಕೇಳಿದ್ದನ್ನೆಲ್ಲ ಸರ್ವರ್ ಕೊಡಬೇಕೆಂದಿಲ್ಲ, ಇಬ್ಬರಲ್ಲಿ ಚಿಕ್ಕ ಅಂಕಿಯೇ ಗೆಲ್ಲುತ್ತದೆ. 5.15ರ ಸರ್ವರ್ ಒಂದು ಸೆಷನ್‌ಗೆ 160ಕ್ಕಿಂತ ಹೆಚ್ಚು ಕೊಡುವುದಿಲ್ಲ. ಅದೂ ಉತ್ತರಗಳನ್ನು ನೆನಪಿಟ್ಟುಕೊಳ್ಳಲು ಅದು ತೆಗೆದಿಡುವ ಮೆಮೊರಿ, ಅಂದರೆ ಒಟ್ಟು ಮೆಮೊರಿಯ ಸುಮಾರು 128ರಲ್ಲಿ ಒಂದು ಪಾಲು, ಸಾಲುವವರೆಗೆ ಮಾತ್ರ. ನಿಮಗೆ ಆ ಪಾಲು ಸುಮಾರು 128 ಎಂಬಿ. 40 ಕ್ಲೈಂಟ್, ತಲಾ 64 ಸ್ಲಾಟ್, ಸ್ಲಾಟ್‌ಗೆ 2 ಕೆಬಿ ಎಂದುಕೊಂಡರೂ 5 ಎಂಬಿಗೆ ಮುಗಿಯಿತು. ಇಲ್ಲಿ ಇಕ್ಕಟ್ಟಿಲ್ಲ, ಕೈಹಾಕಬೇಡಿ.

ನೀವು ಕೇಳದಿದ್ದರೂ ನಿಮ್ಮ ಲ್ಯಾಬ್‌ಗೆ ನಿಜವಾಗಿ ಒಗ್ಗುವ ಗುಬುಟು ಇನ್ನೊಂದಿದೆ. ಸರ್ವರ್‌ನ ಸರದಿ ಕನೆಕ್ಷನ್‌ಗಳ ಲೆಕ್ಕದಲ್ಲಿ ನಡೆಯುತ್ತದೆ: ಒಂದು ಥ್ರೆಡ್ ಸಾಲಿನ ಮುಂದಿನ ಕನೆಕ್ಷನ್‌ನಿಂದ ಒಂದು ಕೋರಿಕೆ ತೆಗೆದುಕೊಳ್ಳುತ್ತದೆ, ಇನ್ನೂ ಕೋರಿಕೆ ಇದ್ದರೆ ಆ ಕನೆಕ್ಷನ್ ಮತ್ತೆ ಸಾಲಿನ ಕೊನೆಗೆ. ಆದರೂ ಒಂದೇ ಕ್ಲೈಂಟ್‌ನಿಂದ 64 ಕೋರಿಕೆಗಳು ಬಂದು, ಒಂದೊಂದೂ ಡಿಸ್ಕ್‌ಗಾಗಿ ಕಾಯತೊಡಗಿದರೆ, 32 ಥ್ರೆಡ್‌ಗಳೂ ಒಬ್ಬನೇ ವಿದ್ಯಾರ್ಥಿಯ ಫೋಲ್ಡರ್ ನಕಲಿನಲ್ಲಿ ಸಿಕ್ಕಿಬೀಳಬಹುದು. ಇದಕ್ಕೆ ಸನ್‌ಆರ್‌ಪಿಸಿ ಮಾಡ್ಯೂಲ್‌ನಲ್ಲಿ ಎಸ್‌ವಿಸಿ_ಆರ್‌ಪಿಸಿ_ಪರ್_ಕನೆಕ್ಷನ್_ಲಿಮಿಟ್ ಎಂಬ ಮಿತಿ ಇದೆ. ಡಿಫಾಲ್ಟ್ 0, ಅಂದರೆ ತಡೆಯಿಲ್ಲ. ಸರ್ವರ್‌ನಲ್ಲಿ ಅದನ್ನು 8 ಮಾಡಿ. ಒಂದು ಕನೆಕ್ಷನ್‌ನ ಎಂಟಕ್ಕಿಂತ ಹೆಚ್ಚು ಕೋರಿಕೆಗಳನ್ನು ಸರ್ವರ್ ಏಕಕಾಲಕ್ಕೆ ಹಿಡಿಯುವುದಿಲ್ಲ, ಉಳಿದ 24 ಥ್ರೆಡ್‌ಗಳು ಮಿಕ್ಕವರಿಗೆ. /ಸಿಸ್/ಮಾಡ್ಯೂಲ್/ಸನ್‌ಆರ್‌ಪಿಸಿ/ಪ್ಯಾರಾಮೀಟರ್ಸ್/ ಒಳಗೆ ಓಡುತ್ತಿರುವಾಗಲೇ ಬರೆದು ಪರೀಕ್ಷಿಸಬಹುದು. ಒಗ್ಗಿದರೆ ಮಾಡ್‌ಪ್ರೋಬ್ ಕಡತಕ್ಕೆ ಸೇರಿಸಿ. ಈ ಮಿತಿ ಇರುವುದು ಕನೆಕ್ಷನ್‌ಗೆ, ಕ್ಲೈಂಟ್‌ಗಲ್ಲ ಎಂಬುದನ್ನು ಗಮನಿಸಿ. ಎನ್‌ಕನೆಕ್ಟ್=8 ಉಳಿಸಿಕೊಂಡರೆ ಒಬ್ಬನಿಗೆ 8 ಗುಣಿಸು 8, ಮತ್ತೆ 64.

ಕ್ಲೈಂಟ್‌ಗಳಲ್ಲಿ ಬರೆಯುವ ಕಡೆಯ ಡಿಫಾಲ್ಟ್ ಕೂಡ ಲ್ಯಾಬ್‌ಗೆ ಹೊಂದುವುದಿಲ್ಲ. ವಿಎಂ.ಡರ್ಟಿ_ರೇಶಿಯೋ 20, ಅಂದರೆ ಲಭ್ಯ ಮೆಮೊರಿಯ ಐದನೇ ಒಂದು ಭಾಗದಷ್ಟು ಬರಹ ಡಿಸ್ಕ್ ಸೇರದೆ ರ್‍ಯಾಮ್‌ನಲ್ಲೇ ಕೂರಬಹುದು. 8 ಜಿಬಿ ಯಂತ್ರದಲ್ಲಿ ಅದು 1 ಜಿಬಿ ದಾಟುತ್ತದೆ. ವಿದ್ಯಾರ್ಥಿ ಪೆನ್‌ಡ್ರೈವ್‌ನಿಂದ ದೊಡ್ಡ ವಿಡಿಯೋ ನಕಲಿಸುತ್ತಾನೆ, ಪಟ್ಟಿ 100ಕ್ಕೆ ಮುಟ್ಟಿ ಅಲ್ಲೇ ನಿಲ್ಲುತ್ತದೆ. ಎನ್‌ಎಫ್‌ಎಸ್‌ನಲ್ಲಿ ಕಡತ ಮುಚ್ಚುವಾಗ ಬಾಕಿ ಬರಹವೆಲ್ಲ ಸರ್ವರ್‌ಗೆ ಹೋಗಲೇಬೇಕು. ಎಲ್ಲರೂ ಜಾಲ ಬಳಸುತ್ತಿದ್ದರೆ ಒಬ್ಬನ ಪಾಲು ಸೆಕೆಂಡಿಗೆ 2.8 ಎಂಬಿ, 1 ಜಿಬಿಗೆ ಆರು ನಿಮಿಷ. ಆರು ನಿಮಿಷ ಕಾಯುವವರು ಯಾರು? ಪವರ್ ಬಟನ್ ಒತ್ತುತ್ತಾರೆ. ಕ್ಲೈಂಟ್‌ಗಳ ಸಿಸ್‌ಸಿಟಿಎಲ್‌ನಲ್ಲಿ ವಿಎಂ.ಡರ್ಟಿ_ಬೈಟ್ಸ್=67108864, ವಿಎಂ.ಡರ್ಟಿ_ಬ್ಯಾಕ್‌ಗ್ರೌಂಡ್_ಬೈಟ್ಸ್=33554432 ಎಂದು ಹಾಕಿ. 64 ಎಂಬಿಗಿಂತ ಹೆಚ್ಚು ಕೂರುವುದಿಲ್ಲ, ಪಟ್ಟಿ ನಿಜವಾದ ವೇಗದಲ್ಲಿ ಸಾಗುತ್ತದೆ. ಬೈಟ್ಸ್ ಕೊಟ್ಟೊಡನೆ ರೇಶಿಯೋ ತಾನಾಗಿ 0 ಆಗುತ್ತದೆ, ಗಾಬರಿ ಬೇಡ.

ಓದುವ ಕಡೆ, ರೀಡ್‌ಅಹೆಡ್ (ಕೇಳುವ ಮೊದಲೇ ಮುಂದಿನದನ್ನು ಓದಿಡುವ ಗಾತ್ರ) 5.4ನೇ ಕರ್ನಲ್‌ನಿಂದ 128 ಕೆಬಿಗೆ ಇಳಿದಿದೆ. ಮೊದಲು ಒಂದು ಓದಿನ ಗಾತ್ರದ 15 ಪಟ್ಟು ಇತ್ತು. ಹೋಮ್ ಫೋಲ್ಡರ್‌ನ ಸಣ್ಣ ಕಡತಗಳಿಗೆ ಇದರಿಂದ ನಷ್ಟವಿಲ್ಲ. ಉಪಗ್ರಹ ಚಿತ್ರ, ವಿಡಿಯೋದಂಥ ದೊಡ್ಡ ಕಡತಗಳ ಮೌಂಟ್ ಪ್ರತ್ಯೇಕ ಇದ್ದರೆ ಅದೊಂದಕ್ಕೆ /ಸಿಸ್/ಕ್ಲಾಸ್/ಬಿಡಿಐ/ ಒಳಗಿನ ರೀಡ್_ಅಹೆಡ್_ಕೆಬಿಯನ್ನು 4096 ಮಾಡಿ. ಕಳಚಿ ಹಾಕಿದರೆ ಹಳೆಯ ಅಂಕಿಗೆ ಮರಳುತ್ತದೆ.

ಹಳೆಯ 4 ಜಿಬಿ ಯಂತ್ರದ ವಿಷಯ. ಸರ್ವರ್ ಒಂದು ಕೋರಿಕೆಯಲ್ಲಿ ಎಷ್ಟು ದೊಡ್ಡ ತುಂಡು ಒಪ್ಪುತ್ತದೆ ಎಂಬುದನ್ನು ಕರ್ನಲ್ ರ್‍ಯಾಮ್ ನೋಡಿ ನಿರ್ಧರಿಸುತ್ತದೆ: ಒಟ್ಟು ಮೆಮೊರಿಯ 4096ರಲ್ಲಿ ಒಂದು ಪಾಲು, ಮೇಲ್ಮಿತಿ 1 ಎಂಬಿ, ಅದಕ್ಕೆ ಸಾಲದಿದ್ದರೆ ಅರ್ಧರ್ಧವಾಗಿ ಕೆಳಗೆ. 4 ಜಿಬಿಗೆ ಸರಿಯಾಗಿ 1 ಎಂಬಿ ಬರಬೇಕು. ಆದರೆ ಕರ್ನಲ್, ಬಯೋಸ್ ತಮ್ಮ ಪಾಲು ತೆಗೆದ ಮೇಲೆ ಉಳಿಯುವುದು 4 ಜಿಬಿಗೆ ತುಸು ಕಡಿಮೆ, ಹಾಗಾಗಿ ಅಂಕಿ 512 ಕೆಬಿಗೆ ಜಾರುತ್ತದೆ. ಎರಡು ಸರ್ವರ್‌ಗಳಲ್ಲಿ ಮೌಂಟ್‌ನ ಆರ್‌ಸೈಜ್ (ಒಂದು ಓದಿನ ಗಾತ್ರ) ಬೇರೆಬೇರೆ ಕಂಡು ತಲೆ ಕೆರೆದುಕೊಳ್ಳುವವರಿಗೆ ಕಾರಣ ಇದು. ಮ್ಯಾಕ್ಸ್_ಬ್ಲಾಕ್_ಸೈಜ್ ಕಡತದಲ್ಲಿ 1048576 ಬರೆದು ಸರಿಮಾಡಬಹುದು, ಆದರೆ ಎನ್‌ಎಫ್‌ಎಸ್‌ಡಿ ನಿಂತಿರುವಾಗ ಮಾತ್ರ. ಓಡುತ್ತಿದ್ದರೆ ‘ಬ್ಯುಸಿ’ ಎಂದು ತಿರಸ್ಕರಿಸುತ್ತದೆ. ನಿಮ್ಮ ಗಿಗಾಬಿಟ್ ಜಾಲದಲ್ಲಿ 512 ಕೆಬಿಗೂ 1 ಎಂಬಿಗೂ ವ್ಯತ್ಯಾಸ ಕಾಣದು, ಬಿಟ್ಟುಬಿಡಿ. ಆ ಯಂತ್ರಕ್ಕೆ ಹೋಮ್ ಫೋಲ್ಡರ್ ಒಪ್ಪಿಸಬೇಡಿ, ಕ್ಯಾಶ್‌ಗೆ ಮೆಮೊರಿ ಇಲ್ಲ. ಓದಲು ಮಾತ್ರ ಇರುವ ತಂತ್ರಾಂಶ, ಪಾಠದ ಕಡತಗಳನ್ನು ಇಡಿ. 16 ಥ್ರೆಡ್ ಸಾಕು. ಕ್ಲೈಂಟ್‌ನಲ್ಲಿ ಆರ್‌ಒ,ನೋಸಿಟಿಒ,ಎಸಿಟೈಮಿಯೋ=600 ಎಂದು ಮೌಂಟ್ ಮಾಡಿದರೆ ಕಡತ ಬದಲಾಗಿದೆಯೇ ಎಂದು ಪದೇಪದೇ ಕೇಳುವುದು ತಪ್ಪುತ್ತದೆ. ನೀವು ಅಲ್ಲಿ ಏನಾದರೂ ಬದಲಿಸಿದರೆ ಹತ್ತು ನಿಮಿಷ ತಡವಾಗಿ ಕಾಣುತ್ತದೆ, ಅಷ್ಟೇ ಬೆಲೆ.

ಇಷ್ಟೆಲ್ಲ ಮಾಡಿದ ಮೇಲೂ ಬೆಳಗಿನ ಲಾಗಿನ್ ಭಾರವಾಗಿದ್ದರೆ ಅಪರಾಧಿ ಬಹುತೇಕ ಆ ಎರಡು ಹಾರ್ಡ್ ಡಿಸ್ಕ್‌ಗಳು. ಡೆಸ್ಕ್‌ಟಾಪ್, ಬ್ರೌಸರ್ ಶುರುವಾಗುವಾಗ ನೂರಾರು ಸಣ್ಣ ಕಡತ ಬರೆದು, ಡಿಸ್ಕ್ ಸೇರಿತೇ ಎಂದು ಪ್ರತಿಸಲ ಖಾತ್ರಿ ಕೇಳುತ್ತವೆ. ಪ್ರತಿ ಖಾತ್ರಿಗೂ ಡಿಸ್ಕ್ ಒಂದಾದರೂ ಸುತ್ತು ಸುತ್ತಬೇಕು, ಮಿರರ್ ಇದ್ದರೆ ಎರಡೂ. ಲಾಗಿನ್ ಸ್ಕ್ರಿಪ್ಟ್‌ನಲ್ಲಿ, ಕ್ಯಾಶ್ ಕಡತಗಳ ಜಾಗ ಹೇಳುವ ಎಕ್ಸ್‌ಡಿಜಿ_ಕ್ಯಾಶ್_ಹೋಮ್ ಅನ್ನು ಕ್ಲೈಂಟ್‌ನ ಸ್ವಂತ ಡಿಸ್ಕ್‌ಗೆ ತಿರುಗಿಸಿ (ಈ ಹೆಸರು ಮಾತ್ರ ದೊಡ್ಡಕ್ಷರದಲ್ಲಿ). ದುಡ್ಡು ಸಿಕ್ಕಾಗ ಹೋಮ್ ಫೋಲ್ಡರ್‌ಗಳನ್ನು ಎಸ್‌ಎಸ್‌ಡಿಗೆ ಸಾಗಿಸಿ. ಯಾವ ಕರ್ನಲ್ ಗುಬುಟೂ ಇವೆರಡರಷ್ಟು ಕೆಲಸ ಮಾಡದು.

ಇದೇ ಹಂತದಲ್ಲಿ, ಸರ್ವರ್ ಯಾವ ಫೋಲ್ಡರ್ ಹಂಚಬೇಕೆಂದು ಹೇಳುವ ಎಕ್ಸ್‌ಪೋರ್ಟ್ಸ್ ಕಡತದಲ್ಲಿ ‘ಅಸಿಂಕ್’ ಹಾಕಲು ಯಾರಾದರೂ ಹೇಳಿಯೇ ಹೇಳುತ್ತಾರೆ. ವೇಗ ನಿಜಕ್ಕೂ ಹೆಚ್ಚುತ್ತದೆ, ಏಕೆಂದರೆ ಸರ್ವರ್ ಬರೆಯದೆಯೇ ಬರೆದೆ ಎಂದು ಸುಳ್ಳು ಹೇಳತೊಡಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಯಾವ ಗಳಿಗೆಯಲ್ಲಿ ಕರೆಂಟು ಹೋಗುತ್ತದೋ ಗೊತ್ತಿಲ್ಲದ ಊರಲ್ಲಿ ಅದು ಬೇಡವೇ ಬೇಡ. ಕ್ಲೈಂಟ್ ಬರಹ ಮುಗಿಯಿತೆಂದು ತನ್ನ ಪ್ರತಿಯನ್ನು ಬಿಟ್ಟಿರುತ್ತದೆ, ಸರ್ವರ್‌ನ ರ್‍ಯಾಮ್‌ನಲ್ಲಿದ್ದದ್ದು ಕರೆಂಟಿನ ಜೊತೆ ಹೋಗಿರುತ್ತದೆ. ‘ಸಿಂಕ್’ ಡಿಫಾಲ್ಟ್ ಆಗಿರುವುದು ಇದಕ್ಕೇ.

ಕೊನೆಗೆ ಆ ಒಂದೂವರೆ ನಿಮಿಷ. ಅದು ದೋಷವಲ್ಲ, ಎನ್‌ಎಫ್‌ಎಸ್ 4ರ ಗ್ರೇಸ್ ಅವಧಿ, ಡಿಫಾಲ್ಟ್ 90 ಸೆಕೆಂಡ್. ಸರ್ವರ್ ಎದ್ದಮೇಲೆ, ಹಿಂದೆ ಲಾಕ್ ಹಿಡಿದಿದ್ದವರು ಬಂದು ತಮ್ಮದನ್ನು ಮರಳಿ ಪಡೆಯಲಿ ಎಂದು ಅಷ್ಟು ಹೊತ್ತು ಹೊಸದಾಗಿ ಕಡತ ತೆರೆಯಲು ಬಿಡುವುದಿಲ್ಲ. ಕ್ಲೈಂಟ್ ನಡುನಡುವೆ ಕೇಳುತ್ತಿರುತ್ತದೆ, ಎರಡು ಕೇಳಿಕೆಗಳ ಅಂತರ 15 ಸೆಕೆಂಡ್‌ವರೆಗೆ ಬೆಳೆಯುವುದರಿಂದ ಕೆಲವು ಯಂತ್ರಗಳಿಗೆ ಇನ್ನೂ ತಡ. ಹಿಂದಿದ್ದ ಕ್ಲೈಂಟ್‌ಗಳೆಲ್ಲ ಮರಳಿ ಬಂದು ವರದಿ ಕೊಟ್ಟರೆ ಅವಧಿ ಬೇಗ ಮುಗಿಯುವ ಏರ್ಪಾಡೂ ಇದೆ. ಆದರೆ ಎಂಸಿಬಿ ಬಿದ್ದು ಒಂದೇ ಒಂದು ಯಂತ್ರ ಏಳದಿದ್ದರೂ ಪೂರ್ತಿ 90. ಥ್ರೆಡ್ಸ್ ಬರೆದ ಅದೇ ಕಡತದಲ್ಲಿ ಗ್ರೇಸ್-ಟೈಮ್=45, ಲೀಸ್-ಟೈಮ್=45 ಎಂದು ಸೇರಿಸಿ, ಸೇವೆಯನ್ನು ನಿಲ್ಲಿಸಿ ಶುರುಮಾಡಿ. ಕರ್ನಲ್ 10 ಸೆಕೆಂಡ್‌ವರೆಗೂ ಒಪ್ಪುತ್ತದೆ, ಆದರೆ ಅಷ್ಟು ಇಳಿಸಬೇಡಿ: ಸ್ವಿಚ್ ಒಮ್ಮೆ ರೀಬೂಟ್ ಆದರೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಅಷ್ಟರಲ್ಲಿ ಲೀಸ್ (ಲಾಕ್ ಹಿಡಿದಿರಲು ಕ್ಲೈಂಟ್‌ಗೆ ಕೊಟ್ಟ ಅವಧಿ) ತೀರಿ ಲಾಕ್‌ಗಳು ಕೈತಪ್ಪುತ್ತವೆ. ಲೀಸ್‌ಗಿಂತ ಗ್ರೇಸ್ ಚಿಕ್ಕದಾಗಿರಲೂ ಬಾರದು. ಸರ್ವರ್ ಮತ್ತು ಸ್ವಿಚ್ ಎರಡನ್ನೂ ಒಂದೇ ಯುಪಿಎಸ್‌ಗೆ ಹಾಕಿ, ಬ್ಯಾಟರಿ ಇಳಿಯುವ ಮೊದಲೇ ಸರ್ವರ್ ತಾನಾಗಿ ಮುಚ್ಚುವಂತೆ ‘ನಟ್’ ತಂತ್ರಾಂಶ ಕಟ್ಟಿದರೆ, ಕರೆಂಟು ಮರಳಿದಾಗ 40 ಯಂತ್ರಗಳು ಏಳುವ ಹೊತ್ತಿಗೆ ಸರ್ವರ್ ಇನ್ನೂ ಡಿಸ್ಕ್ ತಪಾಸಣೆಯಲ್ಲಿ ಮುಳುಗಿರುವ ಪ್ರಸಂಗ ಬರುವುದಿಲ್ಲ. ಕ್ಲೈಂಟ್‌ಗಳ ಎಫ್‌ಎಸ್‌ಟ್ಯಾಬ್‌ನಲ್ಲಿ ‘ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್’ ಸೇರಿಸಿಡಿ; ಸರ್ವರ್ ತಡವಾಗಿ ಎದ್ದರೂ ಬೂಟ್ ಅಲ್ಲೇ ಸಿಕ್ಕಿಕೊಳ್ಳದೆ ಲಾಗಿನ್ ಪರದೆಯವರೆಗೆ ಬರುತ್ತದೆ.